ಗೋಡೆಯ ಜಿಂಕೆಗೆ ಜೀವ ಕೊಡುವ ಭಂಗಿ: ಗೆಲುವಿನ 14 ಸೂತ್ರಗಳು

ತಲೆ, ಕತ್ತು, ಎದೆ, ಹೆಗಲು. ಗೋಡೆಯ ಮೇಲೆ ಇಷ್ಟೇ ಕಾಣುವ ಜಿಂಕೆಯ ಮೂರ್ತಿಗೆ ಟ್ಯಾಕ್ಸಿಡರ್ಮಿ, ಅಂದರೆ ಸತ್ತ ಪ್ರಾಣಿಯ ತೊಗಲನ್ನು ಹದ ಮಾಡಿ ಜೀವಂತದಂತೆ ನಿಲ್ಲಿಸುವ ಕಲೆ, ಬಲ್ಲವರು ಶೋಲ್ಡರ್ ಮೌಂಟ್ (ಎದೆಮಟ್ಟದ ಮೂರ್ತಿ) ಎನ್ನುತ್ತಾರೆ. ಅದಕ್ಕೆ ನಾಲ್ಕು ಕಾಲಿಲ್ಲ, ಬಾಲವಿಲ್ಲ, ಜಿಗಿತವಿಲ್ಲ. ಕತ್ತಿನ ತಿರುವು, ಕಿವಿಯ ದಿಕ್ಕು, ಕಣ್ಣಿನ ನೋಟ ಇಷ್ಟರಲ್ಲೇ ಇಡೀ ಪ್ರಾಣಿ ನೋಡುಗರ ಮನಸ್ಸಿಗೆ ಬರಬೇಕು. ಹಾಗಾಗಿ ಈ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ಭಂಗಿ. ಬಣ್ಣ, ಹೊಳಪು, ಕೂದಲಿನ ನವಿರು ಎಲ್ಲವೂ ಆಮೇಲಿನ ಮಾತು.

ಈ ಕಲೆಗೆ ಜಗತ್ತಿನಲ್ಲೇ ಹೆಸರಾದ ಕಾರ್ಖಾನೆ ನಮ್ಮ ಮೈಸೂರಿನಲ್ಲಿತ್ತು. ಯೂಜಿನ್ ವ್ಯಾನ್ ಇಂಗೆನ್ 1900ರ ಸುಮಾರಿಗೆ ಆರಂಭಿಸಿದ ‘ವ್ಯಾನ್ ಇಂಗೆನ್ ಅಂಡ್ ವ್ಯಾನ್ ಇಂಗೆನ್’ ಸಂಸ್ಥೆಯನ್ನು ಮುಂದೆ ಅವರ ಮಕ್ಕಳಾದ ಬೋಥಾ, ಡಿ ವೆಟ್ ಮತ್ತು ಜೂಬರ್ಟ್ ನಡೆಸಿದರು. ಮಹಾರಾಜರು, ಬ್ರಿಟಿಷ್ ಅಧಿಕಾರಿಗಳು, ವಿದೇಶಿ ಬೇಟೆಗಾರರು ಹೊಡೆದ ಪ್ರಾಣಿಗಳು ಅಲ್ಲಿಗೆ ಬರುತ್ತಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು. 1999ರಲ್ಲಿ ಕಾರ್ಖಾನೆಯೂ ಬಾಗಿಲು ಹಾಕಿತು. ಬೇಟೆ ನಿಂತದ್ದು ಒಳ್ಳೆಯದೇ ಆಯಿತು. ಆದರೆ ಆ ಕೈಗಳು ಕಲಿತಿದ್ದ ವಿದ್ಯೆ, ಅಂದರೆ ಜಿಂಕೆಯ ಕತ್ತು ಎಲ್ಲಿ ಬಾಗುತ್ತದೆ, ಕಿವಿ ಹೇಗೆ ಹೊರಳುತ್ತದೆ ಎಂಬ ತಿಳಿವಳಿಕೆ, ಬೇಟೆಯ ಜೊತೆ ಹೋಗಬಾರದು. ಜೇಡಿಮಣ್ಣು, ಕಾಗದ, ಮರ, ಫೈಬರ್‌ಗಳಲ್ಲಿ ಅದೇ ವಿದ್ಯೆಯನ್ನು ಇಂದು ಬಳಸಬಹುದು. ಚಿತ್ರದುರ್ಗ ಜಿಲ್ಲೆಯ ನಮ್ಮ ಭರಮಸಾಗರದ ಶಾಲೆಯ ಪರಿಸರ ಕೊಠಡಿಗೆ, ಹೆದ್ದಾರಿ ಬದಿಯ ಹೋಟೆಲಿಗೆ, ಊರ ಗ್ರಂಥಾಲಯಕ್ಕೆ ಜಿಂಕೆಯ ಮೂರ್ತಿ ಮಾಡಹೊರಟವರು ಈ ಸೂತ್ರಗಳನ್ನು ಕೈಯಲ್ಲಿಟ್ಟುಕೊಳ್ಳಿ.

1. ತೊಗಲು, ಕೊಂಬಿನ ಆಸೆ ಬಿಡಿ

ಮೊದಲು ಕಾನೂನು ತಿಳಿದಿರಲಿ. ಕೃಷ್ಣಮೃಗ, ಚಿಂಕಾರ, ಕೊಂಡುಕುರಿ ಮೂರೂ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಇವುಗಳ ಬೇಟೆಗೆ 3ರಿಂದ 7 ವರ್ಷ ಜೈಲು. ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಜಿಂಕೆಯ ತೊಗಲನ್ನಾಗಲಿ, ಕಾಡಿನಲ್ಲಿ ಬಿದ್ದ ಕೊಂಬನ್ನಾಗಲಿ ಮನೆಗೆ ತರುವಂತಿಲ್ಲ. ಅಜ್ಜನ ಕಾಲದ ಜಿಂಕೆ ತಲೆ ಮನೆಯಲ್ಲಿದ್ದರೆ ಅದಕ್ಕೆ ಮಾಲೀಕತ್ವದ ಪ್ರಮಾಣಪತ್ರ ಇದೆಯೇ ನೋಡಿ. ಪಿತ್ರಾರ್ಜಿತವಾಗಿ ಬಂದಿದ್ದರೆ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ತಿಳಿಸಬೇಕೆಂಬುದು ನಿಯಮ. ಅದನ್ನು ಮಾರುವ ಯೋಚನೆ ಬೇಡ. ದುರಸ್ತಿ ಮಾಡಿಸುವುದಿದ್ದರೂ ಅರಣ್ಯ ಇಲಾಖೆಯನ್ನು ಕೇಳಿಯೇ ಮುಂದುವರಿಯಿರಿ, ಏಕೆಂದರೆ ಟ್ಯಾಕ್ಸಿಡರ್ಮಿ ವೃತ್ತಿಗೇ ಪರವಾನಗಿ ಬೇಕು. ಹಳೆಯ ಕಾಲದಲ್ಲಿ ಹದ ಮಾಡಿದ ತೊಗಲಿನಲ್ಲಿ ಹುಳ ಬೀಳದಿರಲೆಂದು ಸವರಿದ ಆರ್ಸೆನಿಕ್ ಇರಬಹುದು. ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ.

ಹೊಸ ಮೂರ್ತಿಗೆ ಇದಾವುದರ ಗೊಡವೆಯೂ ಇಲ್ಲ. ವ್ಯಾನ್ ಇಂಗೆನ್ ಕಾರ್ಖಾನೆಯ ತಲೆಗಳಲ್ಲೂ ತೊಗಲಿನ ಒಳಗಿದ್ದದ್ದು ಅಚ್ಚಿನಿಂದ ತೆಗೆದ ಕಾಗದದ ತಿರುಳಿನ ಮೈ. ಭಂಗಿ ಇದ್ದದ್ದು ಆ ಕಾಗದದಲ್ಲಿ. ನೀವು ಮಾಡಬೇಕಾದದ್ದೂ ಅದನ್ನೇ.

2. ಯಾವ ಪ್ರಾಣಿ ಎಂದು ಖಚಿತ ಮಾಡಿಕೊಳ್ಳಿ

‘ಒಂದು ಜಿಂಕೆ’ ಮಾಡಹೊರಟರೆ ಯಾವ ಜಿಂಕೆಯೂ ಆಗುವುದಿಲ್ಲ. ಚುಕ್ಕೆ ಜಿಂಕೆ ಮತ್ತು ಕಡವೆಗೆ ಕವಲೊಡೆದ ಕೊಂಬು. ಅದು ಗಂಡಿಗೆ ಮಾತ್ರ ಬರುತ್ತದೆ, ಉದುರಿ ಮತ್ತೆ ಹುಟ್ಟುತ್ತದೆ. ಕೃಷ್ಣಮೃಗ, ಚಿಂಕಾರ, ಕೊಂಡುಕುರಿಗಳದ್ದು ಕವಲಿಲ್ಲದ, ಜೀವಮಾನವಿಡೀ ಉದುರದ ಕೊಂಬು. ಕೃಷ್ಣಮೃಗದ ಗಂಡಿನ ಕೊಂಬು ಹುರಿಗೊಳಿಸಿದ ಹಗ್ಗದಂತೆ ಸುತ್ತಿಕೊಂಡು ಸಾಮಾನ್ಯವಾಗಿ 50–60 ಸೆಂಟಿಮೀಟರ್ ಬೆಳೆಯುತ್ತದೆ. ಚಿಂಕಾರದಲ್ಲಿ ಹೆಣ್ಣಿಗೂ ಸಣ್ಣ ಕೊಂಬುಂಟು. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬು: ಹಿಂದಿನ ಜೋಡಿ ಬೆರಳುದ್ದ, ಮುಂದಿನದು ಅದಕ್ಕಿಂತ ಚಿಕ್ಕದು. ದಕ್ಷಿಣದ ಕೊಂಡುಕುರಿಗಳಲ್ಲಿ ಮುಂದಿನ ಜೋಡಿ ಬರೀ ಗಂಟಿನಂತೆ ಉಳಿಯುವುದೂ ಉಂಟು.

ಕೊಂಬಿನ ತೂಕ, ಉದ್ದ, ಓರೆ ಬದಲಾದಂತೆ ಕತ್ತಿನ ಠೀವಿಯೂ ಬದಲಾಗುತ್ತದೆ. ಹಾಗಾಗಿ ಪ್ರಾಣಿ ನಿಶ್ಚಯವಾಗದೆ ಭಂಗಿಯ ಮಾತು ಎತ್ತಬೇಡಿ.

3. ಬದುಕಿರುವ ಪ್ರಾಣಿಯನ್ನು ಹೋಗಿ ನೋಡಿ

ಇಂಟರ್ನೆಟ್ಟಿನ ಫೋಟೋ ಒಂದು ಕ್ಷಣ ತೋರಿಸುತ್ತದೆ. ಅದರ ಹಿಂದಿನ, ಮುಂದಿನ ಕ್ಷಣಗಳನ್ನು ಪ್ರಾಣಿಯೇ ತೋರಿಸಬೇಕು. ಭರಮಸಾಗರದವರಿಗೆ ಇದು ದೂರದ ಮಾತಲ್ಲ. ದಾವಣಗೆರೆಯ ದಾರಿಯಲ್ಲಿ ಆನಗೋಡಿನ ಇಂದಿರಾ ಪ್ರಿಯದರ್ಶಿನಿ ಪ್ರಾಣಿಸಂಗ್ರಹಾಲಯವಿದೆ. ಚಿತ್ರದುರ್ಗದ ಜೋಗಿಮಟ್ಟಿಯ ತಪ್ಪಲಲ್ಲಿ ಆಡುಮಲ್ಲೇಶ್ವರ ಕಿರು ಮೃಗಾಲಯವಿದೆ. ಬಯಲಲ್ಲೇ ಕೃಷ್ಣಮೃಗ ನೋಡಬೇಕೆಂದರೆ 1974ರಲ್ಲಿ ಅಭಯಾರಣ್ಯವಾದ ರಾಣೆಬೆನ್ನೂರಿಗೆ ಹೋಗಿ, ಇಲ್ಲವೇ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಸಂರಕ್ಷಿತ ಪ್ರದೇಶಕ್ಕೆ ಹೋಗಿ.

ಹೋದಾಗ ಒಂದೇ ಪ್ರಾಣಿಯನ್ನು ಹಿಡಿದು ಕೂತು ನೋಡಿ. ಅದು ಮೇಯುತ್ತಾ ತಲೆ ಎತ್ತುವ ರೀತಿ, ಎತ್ತಿದಾಗ ಮೊದಲು ಕಿವಿ ತಿರುಗುತ್ತದೋ ಕತ್ತು ತಿರುಗುತ್ತದೋ ಎಂಬುದು, ನೊಣ ಕೂತಾಗ ಹೆಗಲಿನ ತೊಗಲು ಎಲ್ಲಿ ನಡುಗುತ್ತದೆ ಎಂಬುದು, ಎಲ್ಲವನ್ನೂ ಗೀಚಿಕೊಳ್ಳಿ. ಚಿತ್ರ ಚೆನ್ನಾಗಿ ಬರಬೇಕಿಲ್ಲ, ಗೆರೆಯ ದಿಕ್ಕು ಸರಿಯಿದ್ದರೆ ಸಾಕು. ಒಂದೇ ಭಂಗಿಯನ್ನು ಮುಂದಿನಿಂದ, ಎರಡೂ ಪಕ್ಕದಿಂದ, ಸಾಧ್ಯವಾದರೆ ಮೇಲಿನಿಂದ ಹಿಡಿಯಿರಿ.

4. ಒಂದು ಗಳಿಗೆಯನ್ನು ಆರಿಸಿ, ಒಂದೇ ವಾಕ್ಯದಲ್ಲಿ ಬರೆಯಿರಿ

ಭಂಗಿ ಎಂದರೆ ಆ ಪ್ರಾಣಿಯ ಬದುಕಿನ ಒಂದು ಗಳಿಗೆ. ಅದನ್ನು ಒಂದು ವಾಕ್ಯದಲ್ಲಿ ಹೇಳಲು ಬಾರದಿದ್ದರೆ ಭಂಗಿ ಇನ್ನೂ ಆರಿಸಿಲ್ಲವೆಂದೇ ಅರ್ಥ. ‘ಮೇಯುತ್ತಿದ್ದ ಚುಕ್ಕೆ ಜಿಂಕೆ ಎಡಗಡೆಯ ಸದ್ದಿಗೆ ತಲೆ ಎತ್ತಿದೆ.’ ‘ಕೊಂಡುಕುರಿ ಪೊದೆಯ ಅಂಚಿನಲ್ಲಿ ಅಲುಗದೆ ನಿಂತು ನೋಡುತ್ತಿದೆ.’ ‘ಕೃಷ್ಣಮೃಗದ ಗಂಡು ತನ್ನ ಜಾಗಕ್ಕೆ ಬಂದ ಇನ್ನೊಂದು ಗಂಡನ್ನು ಗುರಾಯಿಸುತ್ತಿದೆ.’ ಹೀಗೆ ಬರೆದ ವಾಕ್ಯವನ್ನು ಕೆಲಸದ ಹಲಗೆಗೆ ಅಂಟಿಸಿ. ಕಿವಿ ಎತ್ತ ತಿರುಗಬೇಕು, ಮೂಗಿನ ಹೊಳ್ಳೆ ಅರಳಬೇಕೋ ಬೇಡವೋ, ಕತ್ತಿನ ಸ್ನಾಯು ಬಿಗಿಯೋ ಸಡಿಲವೋ ಎಂಬ ಪ್ರಶ್ನೆ ಎದ್ದಾಗಲೆಲ್ಲ ಉತ್ತರ ಆ ವಾಕ್ಯದಲ್ಲೇ ಸಿಗುತ್ತದೆ.

ಬೇಟೆಯ ಕಾಲದಲ್ಲಿ ಹುಲಿ ತಲೆಗಳಿಗೆ ಹೆಚ್ಚಾಗಿ ಬಾಯಿ ತೆರೆದು ಗರ್ಜಿಸುವ ಭಂಗಿ ಕೊಡುತ್ತಿದ್ದರು. ಬೇಟೆಗಾರನ ಶೌರ್ಯಕ್ಕೆ ಅದು ಸಾಕ್ಷಿಯಾಗಬೇಕಿತ್ತು. ಜಿಂಕೆಗೆ ಅಂಥ ಆರ್ಭಟ ಹೊಂದುವುದಿಲ್ಲ. ಅದರ ಬದುಕೆಲ್ಲ ಎಚ್ಚರದಲ್ಲಿದೆ. ಯಾವ ಬಗೆಯ ಎಚ್ಚರ, ಎಷ್ಟು ಎಚ್ಚರ ಎಂಬುದನ್ನು ಆರಿಸುವುದೇ ನಿಮ್ಮ ಕೆಲಸ.

5. ನಾಲ್ಕು ಮೂಲ ಭಂಗಿಗಳನ್ನು ಕರಗತ ಮಾಡಿಕೊಳ್ಳಿ

ಈ ವೃತ್ತಿಯಲ್ಲಿ ಎದೆಮಟ್ಟದ ಮೂರ್ತಿಗೆ ರೂಢಿಯಲ್ಲಿರುವ ಭಂಗಿಗಳು ಮುಖ್ಯವಾಗಿ ನಾಲ್ಕು.

ಒಂದು, ನೇರ ಭಂಗಿ: ಕತ್ತು ಎತ್ತರಕ್ಕೆ ಎದ್ದಿದೆ, ತಲೆ ಮೇಲಿದೆ. ಪ್ರಾಣಿ ಏನನ್ನೋ ಗಮನಿಸಿ ಪೂರ್ತಿ ಎಚ್ಚರವಾಗಿದೆ.

ಎರಡು, ಅರೆನೇರ ಭಂಗಿ: ಕತ್ತು ತುಸು ಮುಂದಕ್ಕೆ ಚಾಚಿದೆ, ತಲೆ ಬೆನ್ನಿಗಿಂತ ಸಾಕಷ್ಟು ಮೇಲಿದೆ. ನಿರಾಳವಾಗಿ ನಿಂತ ಪ್ರಾಣಿ. ಯಾವ ಗೋಡೆಗೂ ಒಗ್ಗುತ್ತದೆ. ಮೊದಲ ಸಲ ಮಾಡುವವರಿಗೆ ಇದೇ ಸೂಕ್ತ.

ಮೂರು, ಅರೆಬಾಗಿದ ಭಂಗಿ: ತಲೆ ಬೆನ್ನಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲಿದೆ, ಕತ್ತು ಮುಂದಕ್ಕೆ ಹರಿದಿದೆ. ನಡೆಯುತ್ತಾ ಮೂಸುವ, ಹೆಣ್ಣಿನ ಜಾಡು ಹಿಡಿದ ಗಂಡಿಗೆ ತಕ್ಕದ್ದು.

ನಾಲ್ಕು, ಪೂರ್ತಿ ಬಾಗಿದ ಭಂಗಿ: ತಲೆ ಬೆನ್ನಿನ ಮಟ್ಟಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದಿದೆ. ಪೊದೆಯ ಕೆಳಗೆ ನುಸುಳುವ ಪ್ರಾಣಿಯ ಭಂಗಿ ಇದು.

ಪ್ರತಿಯೊಂದನ್ನೂ ಎಡಕ್ಕೆ, ಬಲಕ್ಕೆ ತಿರುಗಿಸಬಹುದು, ನೇರವಾಗಿಯೂ ಇಡಬಹುದು. ಕೊಂಡುಕುರಿಯಂಥ ಪೊದೆವಾಸಿಗೆ ಅರೆಬಾಗಿದ ಭಂಗಿ ಹೊಂದುತ್ತದೆ. ಬಟಾಬಯಲಲ್ಲಿ ದೂರದವರೆಗೆ ಕಣ್ಣು ಹಾಯಿಸುವ ಕೃಷ್ಣಮೃಗಕ್ಕೆ ನೇರ ಭಂಗಿ ಸಹಜ. ಪ್ರಾಣಿ ಇರುವ ನೆಲೆಯೇ ಭಂಗಿಯನ್ನು ಅರ್ಧ ನಿರ್ಧರಿಸಿಬಿಡುತ್ತದೆ.

6. ಕಾಲಮಾನಕ್ಕೂ ಭಂಗಿಗೂ ತಾಳೆ ಹಾಕಿ

ಚುಕ್ಕೆ ಜಿಂಕೆಯ ಕೊಂಬು ಬೆಳೆಯುವಾಗ ಅದರ ಮೇಲೆ ಮಖಮಲ್ಲಿನಂಥ ಎಳೆ ತೊಗಲಿರುತ್ತದೆ. ಮುಟ್ಟಿದರೆ ನೋಯುವಷ್ಟು ಸೂಕ್ಷ್ಮ. ಆ ಸಮಯದಲ್ಲಿ ಗಂಡು ಕೊಂಬು ಹೂಡಿ ಕಾದುವುದಿಲ್ಲ. ಕೊಂಬು ಗಟ್ಟಿಯಾಗಿ, ಬೆದೆ ಬಂದಾಗ ಕತ್ತು ದಪ್ಪವಾಗುತ್ತದೆ, ನಡಿಗೆ ಬದಲಾಗುತ್ತದೆ. ಎಳೆಗೊಂಬಿನ ತಲೆಗೆ ಕಾದಾಟದ ಭಂಗಿ ಕೊಟ್ಟರೆ, ಸಪೂರ ಕತ್ತಿನ ಮೇಲೆ ಬೆದೆಯ ಬಿಗುಪು ತೋರಿಸಿದರೆ, ಬಲ್ಲವರ ಕಣ್ಣಿಗೆ ಅದು ಕೂಡಲೇ ಚುಚ್ಚುತ್ತದೆ.

ಇದನ್ನು ಜಗತ್ತಿಗೆ ಚೆನ್ನಾಗಿ ತೋರಿಸಿಕೊಟ್ಟವರು ಅಮೆರಿಕದ ಟ್ಯಾಕ್ಸಿಡರ್ಮಿ ಕಲಾವಿದ ಕಾರ್ಲ್ ಏಕ್ಲಿ. ಶಿಕಾಗೋದ ಫೀಲ್ಡ್ ಮ್ಯೂಸಿಯಂಗೆ ಅವರೂ ಹೆಂಡತಿ ಡೀಲಿಯಾ ಅವರೂ ಸೇರಿ ಒಂದೇ ಜಾತಿಯ ಜಿಂಕೆಯನ್ನು ನಾಲ್ಕು ಋತುಗಳಲ್ಲಿ ನಿಲ್ಲಿಸಿದ ನಾಲ್ಕು ದೃಶ್ಯಗಳನ್ನು 1902ರ ಹೊತ್ತಿಗೆ ಮುಗಿಸಿದರು. ಋತು ಬದಲಾದಂತೆ ಅಲ್ಲಿ ಕೂದಲು, ಕೊಂಬು, ನಿಲುವು ಎಲ್ಲವೂ ಬದಲಾಗುತ್ತವೆ. ಗಿಡಗಳ ಸಾವಿರಾರು ಎಲೆಗಳನ್ನೂ ಮೇಣದಲ್ಲಿ ಕೈಯಿಂದಲೇ ಮಾಡಿದ್ದರು. ಒಂದು ಜಿಂಕೆಗೆ ವರ್ಷದಲ್ಲಿ ಹಲವು ರೂಪಗಳಿವೆ. ಅವುಗಳಲ್ಲಿ ಯಾವುದನ್ನು ಮಾಡುತ್ತಿದ್ದೀರಿ ಎಂಬುದು ನಿಮಗೆ ಗೊತ್ತಿರಬೇಕು.

7. ಕೊಂಬಿನ ತುದಿ ಗೋಡೆಗೆ ತಾಗುತ್ತದೆಯೇ, ಮೊದಲೇ ಅಳೆಯಿರಿ

ಕೃಷ್ಣಮೃಗದ ಗಂಡಿನ ಅತ್ಯಂತ ಚೆಲುವಾದ ನಿಲುವು ಇದು: ಹೆಣ್ಣುಗಳ ಮುಂದೆ, ಎದುರಾಳಿಯ ಮುಂದೆ ಅದು ಮೂತಿಯನ್ನು ಮೇಲಕ್ಕೆತ್ತಿ, ಕೊಂಬುಗಳನ್ನು ಬೆನ್ನಿನ ಕಡೆಗೆ ವಾಲಿಸಿ, ಕಿವಿಗಳನ್ನು ಕೆಳಗಿಳಿಸಿ ಠೀವಿಯಿಂದ ಹೆಜ್ಜೆ ಹಾಕುತ್ತದೆ. ನೋಡಿದವರಿಗೆ ಇದನ್ನೇ ಮಾಡಬೇಕು ಅನ್ನಿಸುತ್ತದೆ. ಆದರೆ ಎದೆಮಟ್ಟದ ಮೂರ್ತಿಯ ಬೆನ್ನ ಹಿಂದೆ ಇರುವುದು ಗೋಡೆ. ಮೂತಿ ಮೇಲೆತ್ತಿದಷ್ಟೂ ಎರಡು ಅಡಿ ಉದ್ದದ ಕೊಂಬು ಹಿಂದಕ್ಕೆ ವಾಲಿ ಗೋಡೆಗೆ ಬಡಿಯುತ್ತದೆ.

ಇದಕ್ಕೆ ಮೂರು ದಾರಿಗಳಿವೆ. ಮೂತಿಯನ್ನು ಅರ್ಧದಷ್ಟೇ ಎತ್ತಬಹುದು. ಹೆಗಲಿನ ಭಾಗವನ್ನು ಹೆಚ್ಚು ಉದ್ದ ಉಳಿಸಿಕೊಂಡು ಕತ್ತು ಗೋಡೆಯಿಂದ ಇನ್ನಷ್ಟು ಮುಂದೆ ಬರುವಂತೆ ಮಾಡಬಹುದು. ಇಲ್ಲವೇ ಎದೆಯನ್ನು ಗೋಡೆಗೆ ಪಕ್ಕವಾಗಿ ತಿರುಗಿಸಿ ಕೊಂಬು ಗೋಡೆಯ ಉದ್ದಕ್ಕೆ ಸಾಗುವಂತೆ ಕೂರಿಸಬಹುದು. ಯಾವುದೇ ಇರಲಿ, ಕೊಂಬಿನ ತುದಿಗೂ ಗೋಡೆಗೂ ಒಂದು ಗೇಣು ಜಾಗ ಬಿಡಿ. ತಲೆ ತಗ್ಗಿಸಿದ ಭಂಗಿಯಲ್ಲಿ ಲೆಕ್ಕ ತಿರುಗುಮುರುಗು: ಕೊಂಬು ಮೇಲಕ್ಕೂ ಮುಂದಕ್ಕೂ ಬರುತ್ತದೆ, ಮೂತಿ ಕೋಣೆಯೊಳಕ್ಕೆ ಚಾಚುತ್ತದೆ. ಕಿರಿದಾದ ಪಡಸಾಲೆಯಲ್ಲಿ ಓಡಾಡುವವರ ಭುಜಕ್ಕೆ ತಾಗುವ ಭಂಗಿ ಬೇಡ.

8. ನೋಟ ಕೋಣೆಯ ಒಳಕ್ಕಿರಲಿ

ತಲೆ ಎಡಕ್ಕೆ ತಿರುಗಬೇಕೋ ಬಲಕ್ಕೋ ಎಂಬುದನ್ನು ತೀರ್ಮಾನಿಸುವುದು ಕೋಣೆ. ಮೂರ್ತಿ ತೂಗುವ ಜಾಗದಲ್ಲಿ ಬೆನ್ನು ಗೋಡೆಗೆ ಕೊಟ್ಟು ನಿಂತುಕೊಳ್ಳಿ. ಬಾಗಿಲು ಎಲ್ಲಿದೆ, ಜನ ಎಲ್ಲಿ ಕೂರುತ್ತಾರೆ, ಕೋಣೆ ಯಾವ ಕಡೆ ಬಿಚ್ಚಿಕೊಂಡಿದೆ ನೋಡಿ. ಜಿಂಕೆಯ ಮುಖ ಆ ಬಿಚ್ಚಿದ ಕಡೆಗೆ ತಿರುಗಲಿ. ಮೂಲೆಯ ಹತ್ತಿರ ತೂಗುವಾಗ ಮುಖ ಮೂಲೆಯ ಕಡೆಗಿದ್ದರೆ ಪ್ರಾಣಿ ನಮಗೆ ಬೆನ್ನು ಹಾಕಿದಂತೆ ಕಾಣುತ್ತದೆ. ಬಾಗಿಲ ಎರಡೂ ಬದಿಗೆ ಜೋಡಿ ಹಾಕುವುದಾದರೆ ಒಂದು ಎಡತಿರುವು, ಇನ್ನೊಂದು ಬಲತಿರುವು ಇರಲಿ. ಎರಡೂ ಬಾಗಿಲ ಕಡೆಗೇ ನೋಡಲಿ.

ತಿರುವು ಹೆಚ್ಚಾಗಬಾರದು. ಬಾಗಿಲಲ್ಲಿ ನಿಂತವರಿಗೆ ಎರಡೂ ಕಣ್ಣು ಕಾಣಬೇಕು, ಕತ್ತಿನ ಒಂದು ಪಕ್ಕದ ಉದ್ದ ಗೆರೆಯೂ ಕಾಣಬೇಕು. ಎರಡೂ ಒಟ್ಟಿಗೆ ಸಿಗುವ ತಿರುವೇ ಸರಿಯಾದ ತಿರುವು.

9. ಎತ್ತರ, ಬೆಳಕು, ನೋಡುಗರ ವಯಸ್ಸು

ನೇರ ಭಂಗಿಯ ತಲೆಯನ್ನು ಬಾಗಿಲ ಮೇಲಿನ ಎತ್ತರಕ್ಕೆ ತೂಗಿದರೆ ಕೆಳಗೆ ನಿಂತವರಿಗೆ ಗದ್ದ, ಗಂಟಲು ಮಾತ್ರ ಕಾಣುತ್ತವೆ. ಅಷ್ಟು ಎತ್ತರಕ್ಕೆ ಅರೆಬಾಗಿದ ಭಂಗಿ ಬೇಕು. ಆಗ ಮುಖ ಕೆಳಗಿನವರ ಕಡೆಗೆ ಇಳಿದು ಬರುತ್ತದೆ. ನೋಡುಗರ ಕಣ್ಣಿನ ಮಟ್ಟದಲ್ಲಿ ತೂಗುವುದಾದರೆ ನೇರ ಅಥವಾ ಅರೆನೇರ ಭಂಗಿ ಸರಿ. ಪ್ರಾಥಮಿಕ ಶಾಲೆಯಲ್ಲಿ ಕಣ್ಣಿನ ಮಟ್ಟ ಎಂದರೆ ಮಕ್ಕಳ ಕಣ್ಣಿನ ಮಟ್ಟ ಎಂಬುದು ನೆನಪಿರಲಿ. ಕೊಂಬಿನ ತುದಿ ಮಕ್ಕಳ ಮುಖದ ಎತ್ತರಕ್ಕೆ ಬಾರದಂತೆ ನೋಡಿಕೊಳ್ಳಿ.

ಬೆಳಕನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಕೋಣೆಗಳಲ್ಲಿ ಟ್ಯೂಬ್‌ಲೈಟ್ ಮೇಲಿನಿಂದ ಬೀಳುತ್ತದೆ. ತಲೆ ಪೂರ್ತಿ ತಗ್ಗಿದ್ದರೆ ಹಣೆಯ ನೆರಳಲ್ಲಿ ಕಣ್ಣು ಮುಚ್ಚಿಹೋಗುತ್ತದೆ. ಪಕ್ಕದ ಕಿಟಕಿಯ ಬೆಳಕಿಗೆ ಮುಖ ತಿರುಗಿದ್ದರೆ ಕೆನ್ನೆಯ ಉಬ್ಬುತಗ್ಗು ಚೆನ್ನಾಗಿ ಕಾಣುತ್ತದೆ. ನೇರ ಬಿಸಿಲು ಮಾತ್ರ ಬೀಳದಿರಲಿ, ಬಣ್ಣ ಬಿಳಚಿಕೊಳ್ಳುತ್ತದೆ.

10. ತಲೆಯನ್ನಷ್ಟೇ ತಿರುಗಿಸಬೇಡಿ, ಕತ್ತನ್ನು ತಿರುಗಿಸಿ

ಹೊಸಬರ ಮೂರ್ತಿ ಸೋಲುವುದು ಇಲ್ಲೇ. ಕತ್ತು ಕಂಬದಂತೆ ನೆಟ್ಟಗಿದ್ದು ಅದರ ಮೇಲೆ ತಲೆ ಮಾತ್ರ ಹೊರಳಿರುತ್ತದೆ. ಬದುಕಿರುವ ಜಿಂಕೆಯಲ್ಲಿ ತಿರುವು ಎದೆಯ ಹತ್ತಿರವೇ ಶುರುವಾಗಿ ಕತ್ತಿನುದ್ದಕ್ಕೂ ಹರಿಯುತ್ತದೆ. ತಿರುಗಿದ ಕಡೆಯ ತೊಗಲು ಒಳಬಾಗಿ ಸಣ್ಣ ನೆರಿಗೆ ಬೀಳುತ್ತದೆ, ಆಚೆ ಬದಿ ಹಿಗ್ಗಿ ನುಣ್ಣಗಾಗುತ್ತದೆ. ಕೊರಳಿನ ಕೊಳವೆ ಮುಂಭಾಗದಲ್ಲಿ ಉಬ್ಬಿ ಕಾಣುತ್ತದೆ. ಒಂದು ಹೆಗಲು ಇನ್ನೊಂದಕ್ಕಿಂತ ತುಸು ಮುಂದೆ ಬರುತ್ತದೆ.

ಇದನ್ನು ಕಲಿಯಲು ಕಾಡಿಗೆ ಹೋಗಬೇಕಿಲ್ಲ. ಬೀದಿಯ ಮೇಕೆಯ ಮುಂದೆ ಒಂದು ಹಿಡಿ ಸೊಪ್ಪು ಹಿಡಿದು ನಿಲ್ಲಿ. ಸೊಪ್ಪನ್ನು ನಿಧಾನವಾಗಿ ಎಡಕ್ಕೆ ಒಯ್ಯಿರಿ, ಮೇಲಕ್ಕೆ ಎತ್ತಿರಿ, ನೆಲಕ್ಕೆ ಇಳಿಸಿರಿ. ಮೇಕೆಯ ಕತ್ತು ಎಲ್ಲೆಲ್ಲಿ ಮಡಿಯುತ್ತದೆ, ಹೆಗಲು ಹೇಗೆ ಜರುಗುತ್ತದೆ ಎಂಬುದನ್ನು ಅಂಗೈ ಇಟ್ಟು ತಿಳಿಯಬಹುದು. ಜಿಂಕೆಯ ಕತ್ತು ಮೇಕೆಯದಕ್ಕಿಂತ ನೀಳ, ಆದರೆ ಮಡಿಕೆಯ ಕ್ರಮ ಹತ್ತಿರ ಹತ್ತಿರ ಅದೇ.

11. ಎರಡು ಕಿವಿಗೂ ಬೇರೆ ಬೇರೆ ಕೆಲಸ ಕೊಡಿ

ಜಿಂಕೆ ಎರಡು ಕಿವಿಗಳನ್ನೂ ಬೇರೆ ಬೇರೆಯಾಗಿ ಹೊರಳಿಸಬಲ್ಲದು. ಎರಡೂ ಮುಂದಕ್ಕಿದ್ದರೆ ಅದರ ಗಮನವೆಲ್ಲ ಎದುರಿನ ವಸ್ತುವಿನ ಮೇಲಿದೆ. ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಇದ್ದರೆ ಎದುರಿನದನ್ನು ನೋಡುತ್ತಲೇ ಹಿಂದಿನದನ್ನು ಕೇಳುತ್ತಿದೆ. ಎರಡೂ ಪಕ್ಕಕ್ಕೆ ಸಡಿಲವಾಗಿದ್ದರೆ ನಿಶ್ಚಿಂತೆ. ಕೃಷ್ಣಮೃಗದ ಗಂಡು ಠೀವಿ ತೋರುವಾಗ ಎರಡನ್ನೂ ಇಳಿಸುತ್ತದೆ.

ಕಿವಿ ಹೊರಳುವುದು ತುದಿಯಿಂದಲ್ಲ, ಬುಡದಿಂದ. ಬುಡದ ಉಬ್ಬು ಸಹ ಜೊತೆಗೇ ತಿರುಗಬೇಕು. ಕಿವಿಗೆ ತಗಡು ಅಥವಾ ರಟ್ಟಿನ ಒಳಪದರ ಕೊಡಿ. ಇಲ್ಲವಾದರೆ ಒಣಗುವಾಗ ಅಂಚು ಮುದುಡಿ ಭಂಗಿಯೇ ಕೆಡುತ್ತದೆ. ಕಿವಿ, ಕಣ್ಣು, ಮೂಗು ಮೂರೂ ಒಂದೇ ಮಾತು ಹೇಳಬೇಕು. ಬೆದರಿದಂತೆ ಅರಳಿದ ಹೊಳ್ಳೆ, ನಿದ್ದೆಗಣ್ಣು, ಸಡಿಲ ಕಿವಿ ಒಂದೇ ಮುಖದಲ್ಲಿ ಸೇರಿದರೆ ನೋಡುಗರಿಗೆ ಕಾರಣ ಗೊತ್ತಾಗದಿದ್ದರೂ ಇರುಸುಮುರುಸಾಗುತ್ತದೆ.

12. ಕಣ್ಣಿನ ಪಾಪೆಗೆ ರಸಮಟ್ಟ ಹಿಡಿಯಿರಿ

ಜಿಂಕೆಯ ಪಾಪೆ ನಮ್ಮದರಂತೆ ದುಂಡಗಿಲ್ಲ, ಅಡ್ಡಕ್ಕೆ ಉದ್ದವಾಗಿದೆ. ಮೇಯುವ ಪ್ರಾಣಿಗಳ ಈ ಅಡ್ಡ ಪಾಪೆಗೆ ಒಂದು ವಿಶೇಷವಿದೆ: ತಲೆ ಎಷ್ಟೇ ಬಾಗಿದರೂ ಅದು ನೆಲಕ್ಕೆ ಸಮಾಂತರವಾಗಿಯೇ ಇರಲು ನೋಡುತ್ತದೆ. ಕುರಿ, ಮೇಕೆ, ಕುದುರೆಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅವು ಮೇಯಲು ತಲೆ ಬಗ್ಗಿಸಿದಾಗ ಕಣ್ಣುಗುಡ್ಡೆ ಗೂಡಿನೊಳಗೇ 50 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಹೊರಳುತ್ತದೆ. ಸುತ್ತಲಿನ ನೆಲದ ಮೇಲೆ ಬರುವ ಶತ್ರುವನ್ನು ಮೇಯುತ್ತಲೇ ಕಾಣಲು ಇದು ನೆರವಾಗುತ್ತದೆ. ಸೊಪ್ಪು ಹಿಡಿದು ಮೇಕೆಯ ಮುಂದೆ ನಿಂತಾಗ ಇದನ್ನೂ ಗಮನಿಸಿ. ಹತ್ತಿರದಿಂದ ಸ್ಪಷ್ಟವಾಗಿ ಕಾಣುತ್ತದೆ.

ಗಾಜಿನ ಕಣ್ಣು ಕೂರಿಸುವಾಗ ಪಾಪೆಯನ್ನು ಮೂತಿಯ ಗೆರೆಗೆ ಹೊಂದಿಸಬೇಡಿ, ನೆಲದ ಗೆರೆಗೆ ಹೊಂದಿಸಿ. ಗಾರೆ ಕೆಲಸದವರ ರಸಮಟ್ಟವನ್ನು ಕಣ್ಣಿನ ಮುಂದೆ ಅಡ್ಡ ಹಿಡಿದು ಎರಡೂ ಪಾಪೆಗಳನ್ನು ಅದಕ್ಕೆ ಸರಿಮಾಡಿ. ಆಮೇಲೆ ಮೇಲಿನ ರೆಪ್ಪೆಯ ನೆರಳು ಗಾಜಿನ ಮೇಲೆ ಬೀಳುವಂತೆ ರೆಪ್ಪೆ ಕಟ್ಟಿ. ರೆಪ್ಪೆ ತೀರಾ ಹಿಂದೆ ಸರಿದರೆ ಪ್ರಾಣಿ ಬೆಚ್ಚಿ ಕಣ್ಣರಳಿಸಿದಂತೆ ಕಾಣುತ್ತದೆ.

13. ರಟ್ಟಿನಲ್ಲಿ ಪರೀಕ್ಷಿಸಿ, ಹಲಗೆ ನಿಲ್ಲಿಸಿ ಕಟ್ಟಿ

ಮಣ್ಣು ಮುಟ್ಟುವ ಮೊದಲು ಭಂಗಿಯ ಪಕ್ಕನೋಟವನ್ನು ನಿಜಗಾತ್ರದಲ್ಲಿ ರಟ್ಟಿನ ಮೇಲೆ ಕತ್ತರಿಸಿ. ಅಳತೆಗೆ ಆಧಾರ ಬೇಕು: ಕೃಷ್ಣಮೃಗ ಹೆಗಲ ಹತ್ತಿರ 75ರಿಂದ 85 ಸೆಂಟಿಮೀಟರ್, ಕೊಂಡುಕುರಿ 55ರಿಂದ 64 ಸೆಂಟಿಮೀಟರ್ ಎತ್ತರ. ಮೂಗಿನ ತುದಿಯಿಂದ ಕಣ್ಣಿನ ಮುಂದಿನ ಮೂಲೆಯವರೆಗಿನ ಉದ್ದ, ಕಿವಿಯ ಹಿಂದಿನ ಕತ್ತಿನ ಸುತ್ತಳತೆ, ಎದೆಯ ಹತ್ತಿರದ ಕತ್ತಿನ ಸುತ್ತಳತೆ ಈ ಮೂರರ ಪ್ರಮಾಣ ಸರಿಯಿದ್ದರೆ ಉಳಿದದ್ದು ದಾರಿಗೆ ಬರುತ್ತದೆ. ರಟ್ಟನ್ನು ಗೋಡೆಗೆ ಹಚ್ಚಿ ಕೆಲವು ದಿನ ಬಿಡಿ. ಬೆಳಗಿನ ಬೆಳಕಲ್ಲಿ, ದೀಪದ ಬೆಳಕಲ್ಲಿ ನೋಡಿ. ಮನಸ್ಸು ಒಪ್ಪದಿದ್ದರೆ ಇನ್ನೊಂದು ಕತ್ತರಿಸಿ; ರಟ್ಟಿಗೆ ಖರ್ಚಿಲ್ಲ.

ಕೆಲಸದ ಹಲಗೆಯನ್ನು ಮೇಜಿನ ಮೇಲೆ ಮಲಗಿಸಬೇಡಿ. ಗೋಡೆಯಂತೆ ನೆಟ್ಟಗೆ, ತೂಗುವ ಎತ್ತರದಲ್ಲೇ ನಿಲ್ಲಿಸಿ ಕಟ್ಟಿ. ತಂತಿಯ ಹಂದರದ ಮೇಲೆ ಜೇಡಿಮಣ್ಣಿನಲ್ಲಿ ರೂಪಿಸಿ, ಪ್ಲಾಸ್ಟರ್ ಅಚ್ಚು ತೆಗೆದು, ಕಾಗದದ ತಿರುಳು ತುಂಬುವುದು ಹಳೆಯ ಕ್ರಮ. ನಮ್ಮದೇ ನಾಡಿನ ಇನ್ನೊಂದು ದಾರಿಯೂ ಇದೆ. ಕೊಪ್ಪಳದ ಕಿನ್ನಾಳದ ಚಿತ್ರಗಾರರು ಹಗುರ ಮರದ ಮೇಲೆ, ಸೆಣಬಿನ ಚೂರು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ ಕಿಟ್ಟ ಬಳಿದು ಮೂರ್ತಿ ರೂಪಿಸುತ್ತಾರೆ. ಕತ್ತಿನ ನೆರಿಗೆ, ಕೆನ್ನೆಯ ಉಬ್ಬು ತಿದ್ದಲು ಅದು ಬಲು ಒಳ್ಳೆಯ ಪದಾರ್ಥ. ತಿರುಳಾಗಲಿ ಕಿಟ್ಟವಾಗಲಿ ಒಣಗುವಾಗ ಕುಗ್ಗುತ್ತದೆ. ತೆಳುವಾಗಿ ಪದರ ಪದರವಾಗಿ ಬಳಿಯಿರಿ, ನೆರಳಲ್ಲಿ ಒಣಗಿಸಿ.

14. ನಮ್ಮ ಸೀಮೆಯ ಪ್ರಾಣಿಗೆ ಮೊದಲ ಜಾಗ ಕೊಡಿ

ಪಕ್ಕದ ಜಗಳೂರು ತಾಲ್ಲೂಕು 1997ರವರೆಗೆ ಚಿತ್ರದುರ್ಗ ಜಿಲ್ಲೆಯದೇ ಆಗಿತ್ತು. ಅಲ್ಲಿನ ರಂಗಯ್ಯನದುರ್ಗ 2011ರಿಂದ ಕೊಂಡುಕುರಿಗೆಂದೇ ಮೀಸಲಾದ ವನ್ಯಧಾಮ. ಹಿರಿಯೂರಿನ ನೆರೆಯ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ 2019ರಲ್ಲಿ ಚಿಂಕಾರ ವನ್ಯಧಾಮವಾಯಿತು. ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬಿರುವುದು ಕೊಂಡುಕುರಿಗೆ ಮಾತ್ರ, ಅದೂ ನಮ್ಮ ಪಕ್ಕದ ಕುರುಚಲು ಕಾಡಿನಲ್ಲಿದೆ. ಹಾಗಿದ್ದೂ ನಮ್ಮ ಮಕ್ಕಳಲ್ಲಿ ಅದನ್ನು ಗುರುತಿಸಬಲ್ಲವರು ಎಷ್ಟು ಮಂದಿ? ಗೋಡೆಗೆ ಪರದೇಶದ ಕವಲುಗೊಂಬಿನ ಜಿಂಕೆ ಯಾಕೆ ಬೇಕು?

ಭರಮಸಾಗರದ ಒಂದು ಶಾಲೆ ಮೊದಲ ಮೂರ್ತಿಯಾಗಿ ಕೊಂಡುಕುರಿಯನ್ನು ಆರಿಸಲಿ. ಭಂಗಿ ಅರೆಬಾಗಿದ್ದು, ಪೊದೆಯಂಚಿನಲ್ಲಿ ಗಕ್ಕನೆ ನಿಂತು, ಎರಡೂ ಕಿವಿ ಮುಂದಕ್ಕೆ ಕೊಟ್ಟು, ತುಸು ಎಡಕ್ಕೆ ತಿರುಗಿದ ಗಂಡು. ಅಪಾಯ ಕಂಡಾಗ ಅದು ಹಾಗೆಯೇ ಅಲುಗದೆ ನಿಲ್ಲುತ್ತದೆ, ಆದ್ದರಿಂದ ಈ ಭಂಗಿ ಸತ್ಯವೂ ಹೌದು. ಕೆಳಗೊಂದು ಫಲಕ ಇರಲಿ: ಪ್ರಾಣಿಯ ಹೆಸರು, ಅದು ಎಲ್ಲಿ ಬದುಕಿದೆ, ಏನು ತಿನ್ನುತ್ತದೆ, ಮೂರ್ತಿ ಯಾವುದರಿಂದ ಮಾಡಿದ್ದು ಎಂಬುದು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ‘ಇದಕ್ಕಾಗಿ ಯಾವ ಪ್ರಾಣಿಯೂ ಸತ್ತಿಲ್ಲ’ ಎಂಬ ಸಾಲನ್ನೂ ಸೇರಿಸಿ. ಮೂರ್ತಿ ತೂಗಿದ ವಾರವೇ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಮಕ್ಕಳನ್ನು ರಂಗಯ್ಯನದುರ್ಗಕ್ಕೆ ಕರೆದುಕೊಂಡು ಹೋಗಿ. ಗೋಡೆಯ ಮೇಲಿನದನ್ನು ನೋಡಿ ಬಂದ ಮಕ್ಕಳು ಕಾಡಿನದನ್ನು ಹುಡುಕತೊಡಗಿದರೆ ನಿಮ್ಮ ಭಂಗಿ ಗೆದ್ದಿತು.